ಬಿಸಿಲು ಬಿಟ್ಟಿ, ಫಲಕ ಬಿಟ್ಟಿಯಲ್ಲ

ಮುದ್ದೇಬಿಹಾಳ ತಾಲೂಕಿನ ನಾಲತವಾಡದಲ್ಲಿ ಬಿಸಿಲಿಗೆ ಬರವೆಂಬುದಿಲ್ಲ. ಬೇಸಗೆಯಲ್ಲಿ ಹೊತ್ತೇರುವ ಮುನ್ನವೇ ಮಾಳಿಗೆಯ ಮೇಲೆ ಕಾಲಿಡಲಾಗದು. ಇಂಥ ಊರಿನಲ್ಲಿ ಬಿಸಿಲನ್ನೇ ವಿದ್ಯುಚ್ಛಕ್ತಿಯನ್ನಾಗಿ ಮಾಡಿಕೊಡುವೆನೆಂದು ಬಾಗಿಲಿಗೆ ಬಂದವನ ಮಾತು ಯಾರಿಗೆ ತಾನೇ ರುಚಿಸದು? ಬಂದವನು ಒಡಹುಟ್ಟಿದ ಅಣ್ಣನ ಮಗನೇ ಆದರೆ ಒಳಗೆ ಕರೆದು, ಚಹ ಕೊಟ್ಟು, ಹೇಳುವುದನ್ನೆಲ್ಲ ಕೇಳಲೇಬೇಕು.

2025ರ ಬೇಸಗೆಯ ಒಂದು ಮಧ್ಯಾಹ್ನ ಅಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮನೆಯೊಡತಿ ವಿಧವೆ. ತೊಗರಿ ಮಾರಿ ವರ್ಷವರ್ಷವೂ ಉಳಿಸಿದ ಎಪ್ಪತ್ತು ಸಾವಿರ ರೂಪಾಯಿ ಬ್ಯಾಂಕಿನಲ್ಲಿದೆ. ಮಗಳಿಗೆ ನರ್ಸಿಂಗ್ ಓದಿಸಬೇಕೆಂಬುದು ಆ ಹಣದ ಹಿಂದಿನ ಆಸೆ. ಅಣ್ಣನ ಮಗನಾದರೋ ವರ್ಷದಿಂದ ಕೆಲಸವಿಲ್ಲದೆ ಕುಳಿತಿದ್ದವನು, ಈಗ ಸೌರಫಲಕ ಕೂಡಿಸುವ ಒಂದು ಕಂಪನಿಗೆ ಗಿರಾಕಿಗಳನ್ನು ಹುಡುಕಿಕೊಡುವ ಏಜಂಟನಾಗಿದ್ದಾನೆ. ಸಂಬಳವಿಲ್ಲ, ಒಂದು ಸಹಿಗೆ ಇಷ್ಟೆಂದು ಕಮಿಶನ್ನು.

“ಅತ್ತೀ, ಎರಡು ಕಿಲೋವ್ಯಾಟ್ ಕೂಡಿಸಿದ್ರ ಒಂದು ಲಕ್ಷ ಮೂವತ್ತು ಸಾವಿರ. ಅದರಾಗ ಅರವತ್ತು ಸಾವಿರ ಸರಕಾರನ ಕೊಡತೈತಿ. ಮುಂದ ಬಿಲ್ಲಿನ ಚಿಂತೀನ ಇಲ್ಲ. ಕರೆಂಟು ಹೋದ್ರೂ ನಿಮ್ಮ ಮನ್ಯಾಗ ಬೆಳಕು. ಈ ತಿಂಗಳ ಕಡೀದು ನೋಡ್ರಿ, ಸಹಿ ಹಾಕಿಬಿಡ್ರಿ,” ಎಂದು ಅವನು ಕಾಗದವನ್ನು ಮುಂದೆ ಸರಿಸಿದನು.

ಅತ್ತೆ ಲೇಖನಿಯನ್ನು ಕೈಗೆ ತೆಗೆದುಕೊಂಡಳು. ಅಲ್ಲಗಳೆದರೆ ತವರಿನ ಮುಖಕ್ಕೆ ಬಾಗಿಲು ಹಾಕಿದಂತಾಗುವುದೆಂಬ ಅಳುಕು ಅವಳದು. ಅಷ್ಟರಲ್ಲಿ ಮಗಳು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹೆಸ್ಕಾಂ ಬಿಲ್ಲುಗಳನ್ನು ತಂದು ನಡುವೆ ಇಟ್ಟಳು. “ಮಾವ, ಮೊದಲ ಇವನ್ನ ನೋಡ್ರಿ. ನಮ್ಮ ಬಿಲ್ಲು ಈಗೂ ಸೊನ್ನೀನ ಐತಿ. ಸೊನ್ನೀನ ಇನ್ನೆಷ್ಟು ಇಳಸ್ತೀರಿ?”

ಪ್ರಶ್ನೆ ಚಿಕ್ಕದು, ಇಡೀ ವ್ಯವಹಾರದ ಬೀಗ ಅದರಲ್ಲಿತ್ತು. ಕರ್ನಾಟಕ ಸರಕಾರದ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದಿತು. 2022–23ರಲ್ಲಿ ಮನೆ ಬಳಸಿದ ಮಾಸಿಕ ಸರಾಸರಿ, ಅದರ ಮೇಲೆ ಶೇಕಡಾ ಹತ್ತು, ಇಷ್ಟು ಯೂನಿಟ್ಟಿಗೆ ಹಣವಿಲ್ಲ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. ತಿಂಗಳಿಗೆ 200 ಯೂನಿಟ್ಟನ್ನೇ ದಾಟಿದರೆ ಪೂರ್ತಿ ಬಿಲ್ಲು. ಈ ಮನೆಯ ಸರಾಸರಿ 60 ಯೂನಿಟ್ಟು. ಸಲ್ಲುವ ಮಿತಿ 66. ಎರಡು ದೀಪ, ಒಂದು ಪಂಖ, ಒಂದು ಟೀವಿ ಆ ಗೆರೆಯನ್ನು ದಾಟುವುದೇ ಇಲ್ಲ. ಉಳಿಸಲು ಬಿಲ್ಲೇ ಇಲ್ಲದಿರುವಾಗ ಎಪ್ಪತ್ತು ಸಾವಿರದಿಂದ ಉಳಿಯುವುದೇನು?

ಹುಡುಗ ಹೇಳಿದ್ದೆಲ್ಲ ಸುಳ್ಳಲ್ಲ. ಕೇಂದ್ರ ಸರಕಾರದ ಪಿ.ಎಂ. ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಆರಂಭವಾಯಿತು. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೂ ಮೇಲ್ಪಟ್ಟವಕ್ಕೆ 78,000 ರೂಪಾಯಿ ಸಹಾಯಧನವೆಂಬುದು ನಿಜ. ಆದರೆ ಆ ಹಣ ಫಲಕ ಕೂಡಿಸಿ, ಹೊಸ ಮೀಟರು ಹಾಕಿ, ತಪಾಸಣೆ ಮುಗಿದ ಮೇಲೆ ಅರ್ಜಿದಾರರ ಖಾತೆಗೇ ಬರುವುದು. ಕಂಪನಿಯನ್ನು ನೋಂದಾಯಿತರ ಪಟ್ಟಿಯಿಂದ ಅರ್ಜಿದಾರರೇ ಆರಿಸಬಹುದು. “ಈ ತಿಂಗಳ ಕಡೀದು” ಎಂಬುದು ಕಂಪನಿಯ ಅವಸರ. ಯೋಜನೆಗೆ ಅನುಮೋದನೆ ಕೊಟ್ಟಾಗ ಗೊತ್ತುಮಾಡಿದ ಅವಧಿ 2026–27ರವರೆಗಿನದು.

ಇನ್ನು ಕರೆಂಟು ಹೋದಾಗಿನ ಬೆಳಕು. ಹೆಸ್ಕಾಂ ತಂತಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸಾಮಾನ್ಯ ಸೌರ ವ್ಯವಸ್ಥೆ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುತ್ತದೆ. ದುರಸ್ತಿಗೆಂದು ಕಂಬವೇರಿದವನಿಗೆ ಮನೆಯ ಫಲಕದಿಂದ ಹರಿದ ವಿದ್ಯುತ್ತು ತಗಲಬಾರದೆಂದೇ ಈ ಏರ್ಪಾಡು. ಕತ್ತಲೆಯಲ್ಲಿ ದೀಪ ಬೇಕಾದರೆ ಬ್ಯಾಟರಿ ಬೇರೆ ಕೊಳ್ಳಬೇಕು. ಅದರ ಬೆಲೆ ಆ ಕಾಗದದಲ್ಲಿರಲಿಲ್ಲ.

ಮಗಳು ಮೇಲಕ್ಕೆ ಬೆರಳು ತೋರಿಸಿದಳು. ಅದು ಅಜ್ಜನ ಕಾಲದ ಮಣ್ಣಿನ ಮಾಳಿಗೆ. ಕಿಲೋವ್ಯಾಟೊಂದಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಗಾಳಿಗೆ ಅಲುಗದಂತೆ ಕಬ್ಬಿಣದ ಕಾಲುಗಳನ್ನು ಗಟ್ಟಿಯಾಗಿ ನೆಡಬೇಕು. ಮಣ್ಣಿನಲ್ಲಿ ಅವುಗಳನ್ನು ನೆಡುವುದೆಲ್ಲಿ? ಮಳೆಗಾಲದಲ್ಲಿ ಸೋರಿದರೆ ಹೊಣೆ ಯಾರದು? ಸಾಲದುದಕ್ಕೆ ಮೀಟರು ಇನ್ನೂ ತೀರಿಹೋದ ಯಜಮಾನನ ಹೆಸರಿನಲ್ಲಿಯೇ ಇತ್ತು. ಅದನ್ನು ಬದಲಾಯಿಸಿಕೊಳ್ಳದೆ ಸಹಾಯಧನದ ಮಾತೆತ್ತುವುದೇ ವ್ಯರ್ಥ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಈ ಪುಕ್ಕಟೆ ಕರೆಂಟು ನಿಂತ್ರ?” ಎಂದನು. ನ್ಯಾಯವಾದ ಮಾತೇ. ಯಾವ ಸರಕಾರದ ಯೋಜನೆಯೂ ಶಾಶ್ವತವೆಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ನಾಳೆ ನಿಂತೀತೆಂಬ ಭಯಕ್ಕಾಗಿ ಇಂದಿನ ಓದನ್ನು ನಿಲ್ಲಿಸುವುದು ಯಾವ ಲೆಕ್ಕ? ನಿಂತ ದಿನ 60 ಯೂನಿಟ್ಟಿನ ಬಿಲ್ಲು ಕೆಲವು ನೂರು ರೂಪಾಯಿ ಬಂದೀತು; ತಪ್ಪಿದ ಪ್ರವೇಶ ಮರಳಿ ಬಾರದು.

ಕಮಿಶನ್ನಿಗೆ ದುಡಿಯುವುದು ಪಾಪವಲ್ಲ. ದೋಷವಿರುವುದು ಏರ್ಪಾಡಿನಲ್ಲಿ. ಲಾಭವಾಗುವ ಮನೆಯಿಂದಲೂ ನಷ್ಟವಾಗುವ ಮನೆಯಿಂದಲೂ ಏಜಂಟನಿಗೆ ಬರುವ ಹಣ ಒಂದೇ. ಎರಡರ ಭೇದವನ್ನು ಅರಿಯುವ ಅಗತ್ಯ ಅವನಿಗೆ ಬೀಳುವುದಿಲ್ಲ. ಬ್ರಿಟನ್ನಿನಲ್ಲಿಯೂ ಆದದ್ದು ಇದೇ. 1990ರ ದಶಕದ ಕೊನೆಗೆ ಅಲ್ಲಿ ಮನೆಯವರು ತಮ್ಮ ವಿದ್ಯುತ್ ಕಂಪನಿಯನ್ನೇ ಬದಲಿಸಬಹುದೆಂದಾದಾಗ ಏಜಂಟರು ಬಾಗಿಲು ಬಾಗಿಲಿಗೆ ಹೋದರು. ಉಳಿತಾಯವಾಗುವುದೆಂದು ನಂಬಿ ಬದಲಿಸಿದ ಎಷ್ಟೋ ಮಂದಿಗೆ ಬಿಲ್ಲು ಹೆಚ್ಚೇ ಬಂದಿತು. 2011ರಲ್ಲಿ ದೊಡ್ಡ ಕಂಪನಿಗಳು ಮನೆಬಾಗಿಲ ಮಾರಾಟವನ್ನು ನಿಲ್ಲಿಸತೊಡಗಿದವು. 2013ರಲ್ಲಿ ಒಂದು ಕಂಪನಿಗೆ ಒಂದು ಕೋಟಿ ಐದು ಲಕ್ಷ ಪೌಂಡು ದಂಡ ಬಿದ್ದಿತು. ಆಲಮಟ್ಟಿ, ಕೂಡಗಿಗಳಲ್ಲಿ ವಿದ್ಯುತ್ತು ಹುಟ್ಟುವ ವಿಜಯಪುರ ಜಿಲ್ಲೆಯಲ್ಲಿ ಮನೆಗಳಿಗೆ ಹೆಸ್ಕಾಂ ಒಂದೇ; ಬದಲಿಸುವ ಆಯ್ಕೆಯೆಂದರೆ ಮಾಳಿಗೆಯ ಮೇಲಿನ ಈ ಬಿಸಿಲು.

ಅತ್ತೆ ಲೇಖನಿಯನ್ನು ಕೆಳಗಿಟ್ಟಳು. “ತಮ್ಮಾ, ನನ್ನ ಮನೀಗೆ ಇದು ಬ್ಯಾಡ. ಸಿಟ್ಟಾಗಬ್ಯಾಡ. ಹೊಸ ಪ್ಲಾಟಿನ್ಯಾಗ ಮಾಸ್ತರರ ಮನೀಗೆ ಹೋಗು. ಅವರದು ಸಿಮೆಂಟ್ ಛತ್ತು. ಫ್ರಿಜ್ಜು, ಏಸಿ ಎಲ್ಲಾ ಅದಾವ. ಆದರ ಮೊದಲ ಅವರ ಬಿಲ್ಲು ಕೇಳು.”

ಹುಡುಗನ ಮುಖ ಬಾಡಿದ್ದು ನಿಜ. ಆದರೂ ಅವನು ಹೋದನು. ಈ ಸಲ ವರ್ಷದ ಬಿಲ್ಲುಗಳನ್ನು ಕೇಳಿ ಪಡೆದನು. ಆ ಮನೆಯ ಬಳಕೆ ಯಾವ ತಿಂಗಳೂ 250 ಯೂನಿಟ್ಟಿಗೆ ಕಡಿಮೆಯಿರಲಿಲ್ಲ; ಗೃಹಜ್ಯೋತಿ ಅವರಿಗೆ ದಕ್ಕುತ್ತಿರಲಿಲ್ಲ. ಎರಡು ಕಿಲೋವ್ಯಾಟು ದಿನಕ್ಕೆ ಸುಮಾರು ಎಂಟು ಯೂನಿಟ್ಟು ಕೊಟ್ಟರೆ ತಿಂಗಳಿಗೆ ಸಾವಿರಕ್ಕೂ ಮಿಕ್ಕಿ ಉಳಿತಾಯ. ಹಾಕಿದ ಎಪ್ಪತ್ತು ಸಾವಿರ ಐದಾರು ವರ್ಷದಲ್ಲಿ ಮರಳುವುದು. ಬ್ಯಾಟರಿಯ ಮಾತನ್ನೂ ಹುಡುಗ ಮುಚ್ಚಿಡಲಿಲ್ಲ. ಮಾಸ್ತರರು ಎರಡು ದಿನ ಯೋಚಿಸಿ ಸಹಿ ಹಾಕಿದರು.

ಸಂಜೆ ಅವನು ಅತ್ತೆಯ ಮನೆಗೆ ಪೇಢೆ ತಂದನು. ಬಾಗಿಲಲ್ಲಿ ನಿಂತೇ, “ಅತ್ತೀ, ಮೀಟರು ನಿಮ್ಮ ಹೆಸರಿಗೆ ಮಾಡಿಸೋ ಅರ್ಜಿ ನಾನ ಬರಕೊಡ್ತೀನಿ. ಇದಕ್ಕ ಕಮಿಶನ್ನಿಲ್ಲ,” ಎಂದನು. ಅತ್ತೆ ನಕ್ಕು ಚಹಕ್ಕೆ ನೀರಿಟ್ಟಳು.