ಮಗನ ಎದುರು ಸೋತು ಕಲಿತದ್ದು

ಕಳೆದ ಭಾನುವಾರ ಮೈಸೂರಿನಿಂದ ಸೋದರತ್ತೆಯವರು ಕರೆ ಮಾಡಿದ್ದರು. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಧ್ವನಿಯನ್ನು ಸ್ವಲ್ಪ ತಗ್ಗಿಸಿ, “ಅಲ್ಲಪ್ಪ, ನೀನೂ ಹುಡುಗನ ಜೊತೆ ಕೂತ್ಕೊಂಡು ವಿಡಿಯೊ ಗೇಮ್ ಆಡ್ತೀಯಂತೆ, ನಿಜವೇನೋ? ಅಷ್ಟು ದೂರ ಹೋಗಿದ್ದು ಇದಕ್ಕೇನಾ?” ಎಂದು ಕೇಳಿದರು. ಸುದ್ದಿ ಮುಟ್ಟಿಸಿದವರು ಯಾರೆಂದು ಊಹಿಸುವುದು ಕಷ್ಟವಾಗಲಿಲ್ಲ. ಆರು ತಿಂಗಳು ನಮ್ಮೊಡನಿದ್ದು ಊರಿಗೆ ಮರಳಿದ ನನ್ನ ತಂದೆಯವರು ತಂಗಿಯ ಬಳಿ ಏನನ್ನೂ ಮುಚ್ಚಿಡುವವರಲ್ಲ. ಅತ್ತೆಯವರಿಗೆ ಅಂದು ನಕ್ಕು ಏನೋ ಉತ್ತರ ಕೊಟ್ಟೆ. ಆದರೆ ಅವರ ಪ್ರಶ್ನೆ ಗಂಭೀರವಾದದ್ದು. ಊರಿನಲ್ಲಿ ಕುಳಿತು ನಮ್ಮ ಮಕ್ಕಳ ಬಗ್ಗೆ ಚಿಂತಿಸುವ ಎಲ್ಲ ಹಿರಿಯರ ಪ್ರಶ್ನೆಯೂ ಅದೇ. ಆದ್ದರಿಂದ ಇಲ್ಲಿ ಸಾವಧಾನವಾಗಿ ಉತ್ತರಿಸುತ್ತಿದ್ದೇನೆ.

ನಾವು ಆಡುವ ಆಟದ ಹೆಸರು ‘ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 2’. 2000ನೇ ಇಸವಿಯಲ್ಲಿ ಬಂದ, ನನ್ನ ಮಗನಿಗಿಂತಲೂ ಹಳೆಯದಾದ ಆಟ. ಸ್ಪೈಡರ್‌ಮ್ಯಾನ್, ಹಲ್ಕ್, ವುಲ್ವರಿನ್ ಮೊದಲಾದ ಅಮೆರಿಕದ ಚಿತ್ರಕಥಾ ವೀರರು ಒಂದು ಕಡೆ, ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯ ಆಟಗಳಲ್ಲಿ ಹುಟ್ಟಿದ ರಿಯು, ಚುನ್-ಲೀ, ಮೆಗಾಮ್ಯಾನ್ ಮೊದಲಾದವರು ಇನ್ನೊಂದು ಕಡೆ. ಎರಡು ಬೇರೆ ಬೇರೆ ಲೋಕಗಳ ಪಾತ್ರಗಳು ಒಂದೇ ಅಖಾಡಕ್ಕಿಳಿಯುವ ಈ ಬಗೆಯ ಆಟಗಳಿಗೆ ಕ್ರಾಸ್‌ಓವರ್ ಎನ್ನುತ್ತಾರೆ. ಒಟ್ಟು 56 ಪಾತ್ರಗಳು; ಅಲ್ಲಿಂದ 28, ಇಲ್ಲಿಂದ 28. ಬಹುಕಾಲ ಅಂಗಡಿಗಳಲ್ಲಿ ದೊರೆಯದೆ ಹೋಗಿದ್ದ ಈ ಆಟವನ್ನು 2024ರ ಸೆಪ್ಟೆಂಬರಿನಲ್ಲಿ ಇತರ ಹಳೆಯ ಆಟಗಳೊಡನೆ ಒಂದು ಸಂಪುಟವಾಗಿ ಮತ್ತೆ ಹೊರತಂದರು. ನಮ್ಮ ಮನೆಗೆ ಅದು ಬಂದದ್ದು ಹಾಗೆ.

ನಾವಿರುವ ಊರು ಕ್ಯಾಲಿಫೋರ್ನಿಯಾದ ಸನ್ನಿವೇಲ್. ಇಲ್ಲಿಯ ದಿನಸಿ ಅಂಗಡಿಯಲ್ಲಿ ನಿಂತರೆ ಬೆನ್ನ ಹಿಂದೆ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಇಂಥ ಕಾದಾಟದ ಆಟಗಳ ಇತಿಹಾಸದಲ್ಲೂ ಈ ಊರಿಗೊಂದು ಸ್ಥಾನವಿದೆಯೆಂಬುದು ನನಗೆ ತಿಳಿದದ್ದು ಮಗನಿಂದ. 1996ರಲ್ಲಿ ಇಲ್ಲಿಯ ಗಾಲ್ಫ್‌ಲ್ಯಾಂಡ್ ಎಂಬ ಆಟದ ಮನೆಯಲ್ಲಿ ‘ಬ್ಯಾಟಲ್ ಬೈ ದಿ ಬೇ’ ಎಂಬ ಸಣ್ಣ ಪಂದ್ಯಾವಳಿ ನಡೆಯಿತು. ಅದೇ ಮುಂದೆ ಬೆಳೆದು ‘ಇವೊ’ ಎಂಬ ಹೆಸರಿನಿಂದ ಜಗತ್ತಿನ ನಾನಾ ಕಡೆಯ ಆಟಗಾರರನ್ನು ಸೆಳೆಯುವ ಪಂದ್ಯಾವಳಿಯಾಯಿತು. ಆ ಕಟ್ಟಡದ ಮುಂದೆ ನಾನು ವರ್ಷಗಟ್ಟಲೆ ಕಾರು ಓಡಿಸಿಕೊಂಡು ಹೋಗಿದ್ದೇನೆ. ಒಳಗೆ ಏನಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ.

ಮಗನ ವಿಷಯದಲ್ಲೂ ನನ್ನ ರೀತಿ ಹೀಗೆಯೇ ಇತ್ತು. ಅವನಿಗೆ ಈಗ ಹದಿನಾಲ್ಕು. ಹನ್ನೆರಡು ದಾಟಿದ ಮೇಲೆ ನಮ್ಮಿಬ್ಬರ ಸಂಭಾಷಣೆ ಮೂರು ಪ್ರಶ್ನೆಗಳಿಗೆ ಇಳಿದಿತ್ತು. ಊಟವಾಯಿತೇ, ಮನೆಪಾಠ ಮುಗಿಯಿತೇ, ಗಣಿತದಲ್ಲಿ ಎಷ್ಟು ಬಂತು. ಉತ್ತರಗಳು ಇನ್ನೂ ಚಿಕ್ಕವು. ಒಂದು ಸಂಜೆ ಅವನು ಗೆಳೆಯನೊಡನೆ ಫೋನಿನಲ್ಲಿ ಮಾತನಾಡುತ್ತ, “ಅಪ್ಪನ ಹತ್ತಿರ ಮಾತಾಡೋಕೆ ಏನೂ ಇರಲ್ಲ” ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅದರಲ್ಲಿ ಸಿಟ್ಟಿರಲಿಲ್ಲ. ಹವಾಮಾನದ ವರದಿ ಓದುವ ಧ್ವನಿಯಲ್ಲಿ ಹೇಳಿದ್ದ. ಅದೇ ನನ್ನನ್ನು ಹೆಚ್ಚು ಕಾಡಿತು. ಮರುದಿನ ಸಂಜೆ ಅವನ ಪಕ್ಕ ಕುಳಿತು, “ನನಗೂ ಇದನ್ನು ಕಲಿಸಿಕೊಡು” ಎಂದೆ. ಅವನು ನನ್ನನ್ನು ಸಂಶಯದಿಂದ ನೋಡಿ ಇನ್ನೊಂದು ಕಂಟ್ರೋಲರ್ ಕೈಗಿತ್ತ.

ಮೊದಲ ವಾರ ನಾನು ಮಾಡಿದ್ದು ಸಿಕ್ಕ ಸಿಕ್ಕ ಗುಂಡಿಗಳನ್ನು ಒತ್ತಿದ್ದು ಮಾತ್ರ. ಪ್ರತಿಯೊಬ್ಬ ಆಟಗಾರನೂ ಮೂವರ ತಂಡವೊಂದನ್ನು ಆರಿಸಿಕೊಳ್ಳಬೇಕು. ಒಬ್ಬ ಮುಂದೆ ನಿಂತು ಕಾದುತ್ತಾನೆ, ಇಬ್ಬರು ಹಿಂದೆ ಇರುತ್ತಾರೆ. ಎರಡು ಗುಂಡಿಗಳು ಗುದ್ದಿಗೆ, ಎರಡು ಒದೆತಕ್ಕೆ, ಉಳಿದೆರಡು ಹಿಂದಿದ್ದವರನ್ನು ಕರೆಯಲಿಕ್ಕೆ. ಕೇಳಲು ಸುಲಭ. ಆದರೆ ರಿಯುವಿನ ಅಂಗೈಗಳಿಂದ ಬೆಂಕಿಯುಂಡೆ ಹೊರಡಬೇಕಾದರೆ ಹೆಬ್ಬೆರಳು ಕೆಳಗೆ, ಕೆಳಗಿನ ಮೂಲೆಗೆ, ಮುಂದಕ್ಕೆ ಎಂದು ಕಾಲು ವೃತ್ತ ಎಳೆದು, ಅದು ಮುಗಿಯುವ ಗಳಿಗೆಗೇ ಗುದ್ದಿನ ಗುಂಡಿ ಒತ್ತಬೇಕು. ನನ್ನ ಹೆಬ್ಬೆರಳು ಮೂಲೆಯನ್ನು ಹಾರಿಬಿಡುತ್ತಿತ್ತು, ರಿಯು ಸುಮ್ಮನೆ ಗಾಳಿಗೆ ಗುದ್ದುತ್ತಿದ್ದ. ಹೊಸ ಸಂಪುಟದಲ್ಲಿ ಇಂಥ ಹೊಡೆತಗಳನ್ನು ಒಂದೇ ಗುಂಡಿಗೆ ಒಪ್ಪಿಸುವ ಅನುಕೂಲವೂ ಇದೆ. ಅದನ್ನು ಬಳಸಲೇ ಎಂದು ಕೇಳಿದಾಗ ಮಗ, “ಬೇಡ ಅಪ್ಪ, ಕೈಗೆ ಬರಲಿ” ಎಂದ. ಮಗ್ಗಿ ಬಾಯಿಪಾಠ ಮಾಡಿಸುವಾಗ ನಾನು ಅವನಿಗೆ ಹೇಳುತ್ತಿದ್ದ ಮಾತು ಇದೇ ಧಾಟಿಯದು.

ಎರಡನೆಯ ವಾರ ಅವನು ನನ್ನನ್ನು ಹೊಡೆಯಲು ಬಿಡಲೇ ಇಲ್ಲ, ತಡೆಯುವುದನ್ನಷ್ಟೇ ಕಲಿಸಿದ. ಎದುರಾಳಿಯಿಂದ ಹಿಂದಕ್ಕೆ ಒತ್ತಿ ಹಿಡಿದರೆ ಅದೇ ತಡೆ. ಕಾಲಿಗೆ ಬರುವ ಹೊಡೆತವನ್ನು ಕುಳಿತೇ ತಡೆಯಬೇಕು, ನೆಗೆದು ಬಂದು ಹೊಡೆದರೆ ನಿಂತೇ ತಡೆಯಬೇಕು, ಹಿಡಿದು ಎಸೆಯಲು ಬಂದರೆ ಯಾವ ತಡೆಯೂ ನಡೆಯದು. ವಿಶೇಷ ಹೊಡೆತಗಳನ್ನು ತಡೆದರೂ ಆಯುಷ್ಯದ ಪಟ್ಟಿಯಲ್ಲಿ ಒಂದಿಷ್ಟು ಸವೆಯುತ್ತದೆ. ಅಷ್ಟರಲ್ಲಿ ಸೋಫಾದ ಮೇಲೆ ಕುಳಿತು ನೋಡುತ್ತಿದ್ದ ನನ್ನ ತಂದೆಯವರು ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು. ಯೌವನದಲ್ಲಿ ಮೈಸೂರಿನ ಗರಡಿಮನೆಯ ಮಣ್ಣಿನಲ್ಲಿ ಹೊರಳಿದ ದೇಹ ಅವರದು. “ಸರಿಯಾಗಿಯೇ ಹೇಳಿಕೊಡ್ತಿದಾನೆ. ನಮ್ಮ ಉಸ್ತಾದರೂ ಮೊದಲು ಬೀಳೋದನ್ನೇ ಕಲಿಸಿದ್ದು, ಕೆಡವೋದು ಆಮೇಲೆ” ಎಂದರು. ಮಗ ಆಟ ನಿಲ್ಲಿಸಿ, “ತಾತ, ನೀವು ನಿಜವಾಗಿ ಕುಸ್ತಿ ಮಾಡ್ತಿದ್ರಾ?” ಎಂದು ಕೇಳಿದ. ಆ ರಾತ್ರಿ ಪಟ್ಟು, ಪ್ರತಿಪಟ್ಟು, ದಸರಾ ಕುಸ್ತಿಗೆ ಜೋಡಿ ಕಟ್ಟುವ ಬಗೆ ಎಲ್ಲವೂ ನಮ್ಮ ಹಜಾರಕ್ಕೆ ಬಂದವು. ಆ ಕಥೆಗಳನ್ನು ನಾನೂ ಹಿಂದೆ ಕೇಳಿರಲಿಲ್ಲ, ಏಕೆಂದರೆ ನನ್ನ ತಂದೆ ನನ್ನನ್ನು ಕೇಳುತ್ತಿದ್ದುದೂ ಅಂಕಗಳನ್ನೇ.

ಪಾತ್ರಗಳ ಪರಿಚಯ ಇನ್ನೊಂದು ಪಾಠ. ದೇಶಾಭಿಮಾನದಿಂದ ನಾನು ಮೊದಲು ಆರಿಸಿದ್ದು ಧಾಲ್ಸಿಮ್‌ನನ್ನು. ಕೊರಳಲ್ಲಿ ತಲೆಬುರುಡೆಗಳ ಮಾಲೆ, ಬಾಯಲ್ಲಿ ಬೆಂಕಿ, ಮಾರುದ್ದ ಚಾಚುವ ಕೈಕಾಲುಗಳುಳ್ಳ ಭಾರತೀಯ ಯೋಗಿ. 1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ಆಟದಲ್ಲಿ ಮೊದಲು ಕಾಣಿಸಿಕೊಂಡವನು. “ನಮ್ಮಲ್ಲಿ ಹೀಗಿರ್ತಾರಾ?” ಎಂದು ಮಗ ಕೇಳಿದ. ತಂದೆಯವರು ದಿನವೂ ಬೆಳಿಗ್ಗೆ ಮಾಡುವ ಪ್ರಾಣಾಯಾಮವನ್ನು ತೋರಿಸಿ, ಯೋಗವೆಂದರೆ ಇದು, ಅದು ದೂರದಿಂದ ನೋಡಿದವರ ಕಲ್ಪನೆ ಎಂದೆ. ಹೊರಗಿನವರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆಂಬ ಮಾತು ನಮ್ಮ ಮನೆಯಲ್ಲಿ ಮೊದಲ ಬಾರಿಗೆ ನಡೆದದ್ದು ಹೀಗೆ. ಅಂದಹಾಗೆ, ನನ್ನ ಧಾಲ್ಸಿಮ್ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಬಲ್ಲವರ ಪ್ರಕಾರ ಈ ಆಟದಲ್ಲಿ ಎಲ್ಲರಿಗಿಂತ ಮೇಲಿರುವವರು ನಾಲ್ವರು: ಮ್ಯಾಗ್ನೆಟೊ, ಸ್ಟಾರ್ಮ್, ಸೆಂಟಿನೆಲ್, ಕೇಬಲ್. ಮಗನ ತಂಡದಲ್ಲಿ ಸ್ಟಾರ್ಮ್ ಮತ್ತು ಸೆಂಟಿನೆಲ್ ಇದ್ದರು. ಮೂರನೆಯವನು ಕ್ಯಾಪ್ಟನ್ ಕಮಾಂಡೊ. ಅವನು ಆ ನಾಲ್ವರ ಸಾಲಿನವನಲ್ಲ, ಮುಂದೆ ನಿಂತು ಕಾದುವುದೂ ಕಡಿಮೆ. ಮತ್ತೇಕೆ ಅವನು? ಕರೆದಾಗ ಒಂದು ಕ್ಷಣ ನೆಗೆದು ಬಂದು ನೆಲದಿಂದ ಮೇಲಕ್ಕೆ ಮಿಂಚಿನ ಕಂಬವೊಂದನ್ನು ಎಬ್ಬಿಸಿ ಹೋಗುತ್ತಾನೆ. ಮೇಲಿಂದ ನೆಗೆದು ಬರುವ ಎದುರಾಳಿ ಅದಕ್ಕೆ ಸಿಕ್ಕಿಕೊಳ್ಳುತ್ತಾನೆ, ಮುಂದೆ ನಿಂತವನಿಗೆ ಉಸಿರಾಡಲು ಸಮಯ ಸಿಗುತ್ತದೆ. ಆ ಒಂದು ಉಪಕಾರಕ್ಕಾಗಿ ಅನುಭವಿಗಳು ಅವನನ್ನು ತಂಡದಲ್ಲಿಟ್ಟುಕೊಳ್ಳುತ್ತಾರೆ.

ಆದರೆ ಅದಕ್ಕೊಂದು ಬೆಲೆಯಿದೆ. ಕರೆಸಿಕೊಂಡವನಿಗೂ ಪೆಟ್ಟು ಬೀಳಬಹುದು. ಮುಂದಿನವನೂ ಸಹಾಯಕ್ಕೆ ಬಂದವನೂ ಒಟ್ಟಿಗೆ ಏಟಿಗೆ ಸಿಕ್ಕಿದರೆ ಆಟಗಾರರು ಅದನ್ನು ‘ಹ್ಯಾಪಿ ಬರ್ತ್‌ಡೇ’ ಎಂದು ಗೇಲಿ ಮಾಡುತ್ತಾರೆ. ಎದುರಾಳಿಗೆ ಸಿಕ್ಕ ಉಡುಗೊರೆ ಎಂಬರ್ಥದಲ್ಲಿ. ಗಾಯಗೊಂಡವನ ಆಯುಷ್ಯದಲ್ಲಿ ಕೆಂಪಾಗಿ ಉಳಿದ ಭಾಗ ಮತ್ತೆ ತುಂಬಿಕೊಳ್ಳಬೇಕಾದರೆ ಅವನನ್ನು ಹಿಂದಕ್ಕೆ ಕಳುಹಿಸಿ ವಿಶ್ರಾಂತಿ ಕೊಡಬೇಕು. ಪದೇ ಪದೇ ಕರೆಯುತ್ತಿದ್ದರೆ ಅದು ತುಂಬುವುದೇ ಇಲ್ಲ.

ಆಟವನ್ನು ಬದುಕಿಗೆ ಹೋಲಿಸುವುದು ಅಂಕಣಕಾರರ ಸುಲಭದ ಚಟವೆಂದು ಬಲ್ಲೆ. ಆದರೂ ಈ ನಿಯಮ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಮಗ ಹುಟ್ಟಿದಾಗ ಬಾಣಂತನಕ್ಕೆಂದು ನನ್ನ ತಾಯಿಯವರನ್ನು ಕರೆಸಿಕೊಂಡಿದ್ದೆವು. ಕಾರು ಓಡಿಸಲು ಬಾರದ, ಭಾಷೆ ಬಾರದ ಊರಿನಲ್ಲಿ, ಹೊರಗೆ ಮಾತಿಗೆ ಒಬ್ಬರೂ ಸಿಗದ ಮನೆಯಲ್ಲಿ ಅವರು ಐದು ತಿಂಗಳು ಕಳೆದರು. ನಾವಿಬ್ಬರೂ ಕೆಲಸಕ್ಕೆ ಹೋಗುತ್ತಿದ್ದೆವು. “ಅಮ್ಮ ಇದ್ದಾರೆ, ಚಿಂತೆಯಿಲ್ಲ” ಎಂದು ಎಲ್ಲರಿಗೂ ಹೇಳಿಕೊಂಡೆವು. ಅವರಿಗೆ ಹೇಗಿದೆಯೆಂದು ಕೇಳಿದ ನೆನಪು ನನಗಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ವಿದೇಶಕ್ಕೆ ಹೊರಡಲು ಸಿದ್ಧರಾಗುತ್ತಿರುವ ಕಿರಿಯ ಗೆಳೆಯರಿಗೆ ಇಲ್ಲಿ ಒಂದು ಮಾತು. ವೀಸಾ, ಸಂಬಳ, ಬಾಡಿಗೆ ಇವುಗಳ ಲೆಕ್ಕವನ್ನು ನೀವು ಹೇಗೂ ಹಾಕುತ್ತೀರಿ. ಕಷ್ಟ ಬಂದಾಗ ಊರಿನಿಂದ ಯಾರನ್ನು ಕರೆಸಿಕೊಳ್ಳುತ್ತೀರಿ, ಬಂದವರ ಆಯಾಸಕ್ಕೆ ಏನು ವ್ಯವಸ್ಥೆ ಎಂಬ ಲೆಕ್ಕವನ್ನೂ ಹಾಕಿಕೊಳ್ಳಿ. ಇನ್ನೊಂದು: ನಮ್ಮಲ್ಲಿ ಬಹುಪಾಲು ಜನ ಗೆದ್ದೇ ಇಲ್ಲಿಗೆ ಬಂದವರು. ರ‍್ಯಾಂಕು, ಸಂದರ್ಶನ, ಬಡ್ತಿ. ಸೋಲುವ ಅಭ್ಯಾಸ ನಮಗಿಲ್ಲ. ಆದರೆ ಹೊಸ ನಾಡಿನಲ್ಲಿ ಮೊದಲ ವರ್ಷಗಳೆಲ್ಲ ತಪ್ಪು ಗುಂಡಿ ಒತ್ತುವ ವರ್ಷಗಳೇ. ಅದನ್ನು ಅವಮಾನವೆಂದು ಭಾವಿಸಿ ಮನೆಯಲ್ಲಿ ಮುಚ್ಚಿಟ್ಟವರ ಮಕ್ಕಳು, ತಮ್ಮ ಸೋಲುಗಳನ್ನು ಅವರಿಂದ ಮುಚ್ಚಿಡುವುದನ್ನು ಕಲಿಯುತ್ತಾರೆ.

ಇದು ನನ್ನ ಊಹೆಯಲ್ಲ, ನಾನೇ ಕಂಡದ್ದು. ಕಲಿಯಲಾರಂಭಿಸಿ ಒಂದೂವರೆ ತಿಂಗಳಾಗಿತ್ತು. ಅಂದು ನಾನು ಸತತವಾಗಿ ಹನ್ನೊಂದು ಪಂದ್ಯ ಸೋತಿದ್ದೆ. ಹನ್ನೆರಡನೆಯದರ ನಡುವೆ, ಪರದೆಯಿಂದ ಕಣ್ಣು ತೆಗೆಯದೆ, ಮಗ ಹೇಳಿದ: ಅವನ ಒಬ್ಬನೇ ಆಪ್ತ ಗೆಳೆಯನ ಕುಟುಂಬ ಬೇರೆ ರಾಜ್ಯಕ್ಕೆ ಹೋಗಿ ಎರಡು ತಿಂಗಳಾಯಿತು, ಅಂದಿನಿಂದ ಮಧ್ಯಾಹ್ನದ ಊಟವನ್ನು ಅವನು ಒಬ್ಬನೇ ಕುಳಿತು ಮಾಡುತ್ತಿದ್ದಾನೆ. ನಾನು ಆಟ ನಿಲ್ಲಿಸಲಿಲ್ಲ. ಮುಖ ತಿರುಗಿಸಿದ್ದರೆ ಅವನು ಮಾತು ನಿಲ್ಲಿಸುತ್ತಿದ್ದನೆಂದು ನನಗೆ ಗೊತ್ತಿತ್ತು. ಆಡುತ್ತಲೇ ಒಂದೆರಡು ಪ್ರಶ್ನೆ ಕೇಳಿದೆ, ಅವನು ಆಡುತ್ತಲೇ ಉತ್ತರಿಸಿದ. ಅವನು ಗೆದ್ದ. ಎರಡು ತಿಂಗಳು ನಾನು ದಿನವೂ ತಪ್ಪದೆ, “ಊಟವಾಯಿತೇ?” ಎಂದು ಕೇಳಿದ್ದೆ. ಅವನು ತಪ್ಪದೆ ಹೌದು ಎಂದಿದ್ದ.

ಎಲ್ಲ ಮಕ್ಕಳ ಕೈಗೂ ಇಂಥ ಆಟಗಳನ್ನು ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಇದು ಹೊಡೆದಾಟದ ಆಟ, ಹದಿಹರೆಯದವರಿಗೆಂದು ವರ್ಗೀಕರಿಸಿದ್ದು, ಚಿಕ್ಕವರಿಗಲ್ಲ. ನಮ್ಮ ಮನೆಯಲ್ಲಿ ವಾರದ ದಿನಗಳಲ್ಲಿ ಅರ್ಧ ಗಂಟೆಯ ಮಿತಿಯಿದೆ, ಪರೀಕ್ಷೆಯ ವಾರ ಅದೂ ಇಲ್ಲ. ಆಟದ ಹುಚ್ಚಿನಿಂದ ನಿದ್ದೆಗೆಟ್ಟ ಮಕ್ಕಳನ್ನೂ ಕಂಡಿದ್ದೇನೆ. ಆ ಆತಂಕ ಸುಳ್ಳಲ್ಲ. ನನ್ನ ವಾದ ಇಷ್ಟೇ: ಬೇಡವೆನ್ನುವ ಮೊದಲು ಅದು ಏನೆಂದು ತಿಳಿಯಿರಿ. ನಿಯಮವನ್ನೇ ಅರಿಯದವನು ಹಾಕಿದ ಮಿತಿಯನ್ನು ಮಕ್ಕಳು ಭಯಕ್ಕೆ ಪಾಲಿಸುತ್ತಾರೆ. ಜೊತೆಗೆ ಕುಳಿತು ಸೋತವನು ಹಾಕಿದ ಮಿತಿಗೆ ಅವರೊಡನೆ ಚೌಕಾಸಿಯಾದರೂ ಸಾಧ್ಯ. ಅದು ಚಿತ್ರಕಲೆಯಾಗಲಿ, ಬ್ಯಾಸ್ಕೆಟ್‌ಬಾಲ್ ಆಗಲಿ, ನಮಗೆ ಅರ್ಥವಾಗದ ಸಂಗೀತವಾಗಲಿ, ಮಕ್ಕಳು ಬಲ್ಲ ಮತ್ತು ನಾವು ಅರಿಯದ ಒಂದು ವಿದ್ಯೆಯನ್ನು ಅವರಿಂದಲೇ ಕಲಿಯುವುದು ಪ್ರವಾಸಿ ತಂದೆತಾಯಿಯರಿಗೆ ಅತ್ಯಗತ್ಯವೆಂದು ನಾನು ನಂಬುತ್ತೇನೆ. ಊರಿನಲ್ಲಾದರೆ ಮಗುವಿಗೆ ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು ಎಂದು ಮಾತಿಗೆ ಹತ್ತು ಜನ. ಇಲ್ಲಿ ಆ ಹತ್ತು ಜನರ ಜಾಗದಲ್ಲಿ ನಾವಿಬ್ಬರೇ.

ಈಗಲೂ ನಾನು ಹತ್ತರಲ್ಲಿ ಒಂದು ಪಂದ್ಯ ಗೆದ್ದರೆ ಹೆಚ್ಚು. ಮಗನಿಗೆ ಊಟಕ್ಕೆ ಜೊತೆ ಸಿಕ್ಕಲು ಇನ್ನೂ ಕೆಲವು ವಾರ ಬೇಕಾಯಿತು. ಆ ವಾರಗಳಲ್ಲಿ ಅಂದಂದಿನ ಸಂಗತಿಯನ್ನು ಅಂದಂದೇ ಹೇಳಿದ, ಅಷ್ಟು ಸಾಕು. ಇನ್ನು ಅತ್ತೆಯವರಿಗೆ ನನ್ನದೊಂದು ವಿನಂತಿ. ಮುಂದಿನ ಭಾನುವಾರ ಕರೆ ಮಾಡಿದಾಗ ಫೋನನ್ನು ಅವನ ಕೈಗೆ ಕೊಡುತ್ತೇನೆ. ದಯವಿಟ್ಟು ಅಂಕಗಳನ್ನು ಕೇಳುವ ಮೊದಲು, ನಿನ್ನ ತಂಡದ ಮೂವರು ಯಾರಪ್ಪ ಎಂದು ಕೇಳಿ. ಉತ್ತರ ಸ್ವಲ್ಪ ಉದ್ದವಾಗಬಹುದು, ಅವನ ಕನ್ನಡವೂ ನಡುನಡುವೆ ಎಡವಬಹುದು. ಅವಸರ ಮಾಡದೆ ಪೂರ್ತಿ ಕೇಳಿಸಿಕೊಳ್ಳಿ.