ಕೂಲಿಕಾರನಿಗೆ ವಕೀಲ ಬೇಡವೇ?

ಬೆಳಗಿನ ಹೊತ್ತು ಯಶವಂತಪುರದ ನಿಲ್ದಾಣದಲ್ಲಿ ರೈಲಿನಿಂದ ಇಳಿಯುವ ದುಡಿಮೆಗಾರರಲ್ಲಿ ಎರಡು ಬಗೆಯವರುಂಟು. ನಮ್ಮ ಕಡೆಯಿಂದ ದಿನವೂ ಹೋಗಿ ಬರುವ ಪೀಣ್ಯದ ಕಾರ್ಖಾನೆಗಳ ಹುಡುಗರು ಒಂದು ಬಗೆ. ಒಡಿಶಾ, ಬಂಗಾಳ, ಬಿಹಾರ, ಅಸ್ಸಾಮುಗಳಿಂದ ಗಂಟುಮೂಟೆ ಹೊತ್ತು ಬಂದು ಹೆಬ್ಬಾಳ, ಯಲಹಂಕಗಳಲ್ಲಿ ಏಳುತ್ತಿರುವ ಕಟ್ಟಡಗಳ ಕೆಲಸಕ್ಕೆ ಹೋಗುವವರು ಇನ್ನೊಂದು ಬಗೆ. ಇಬ್ಬರಲ್ಲಿ ಹೆಚ್ಚಿನವರ ಜೇಬಿನಲ್ಲಿ ನೇಮಕದ ಕಾಗದವಿಲ್ಲ. ತನಗೆ ಕೆಲಸ ಕೊಟ್ಟವನು ಕಂಪನಿಯ ಧಣಿಯೋ, ಗುತ್ತಿಗೆದಾರನೋ, ಅವನ ಕೆಳಗಿನ ಮೇಸ್ತ್ರಿಯೋ ಎಂಬುದು ಕೆಲಸದಿಂದ ಹೊರಗೆ ನೂಕಿಸಿಕೊಂಡ ದಿನದವರೆಗೂ ಅವರಿಗೆ ತಿಳಿದಿರುವುದಿಲ್ಲ. ಆ ದಿನ ಅವರಿಗೆ ಬೇಕಾಗುವವನು ಕಾರ್ಮಿಕ ಕಾಯಿದೆ ಬಲ್ಲ ಒಬ್ಬ ವಕೀಲ.

ಸಮಾಜವಾದಿಗಳಾದ ನಾವು ವಕೀಲರನ್ನು ಬೇಕೆಂದು ಕೇಳುವುದು ಕೆಲವು ಹಳೆಯ ಸಂಗಾತಿಗಳಿಗೆ ರುಚಿಸಲಾರದು. ಕಾರ್ಮಿಕರ ವ್ಯಾಜ್ಯದಿಂದ ವಕೀಲರನ್ನು ದೂರ ಇಡಬೇಕೆಂದು ಕೂಗಿದವರು ನಾವೇ. 1947ರ ಕೈಗಾರಿಕಾ ವಿವಾದ ಕಾಯಿದೆಯ 36ನೆಯ ಪ್ರಕರಣ ಈ ಮಾತನ್ನು ಒಪ್ಪಿಕೊಂಡಿತು. ಸಂಧಾನಾಧಿಕಾರಿಯ ಮುಂದೆ ವಕೀಲ ಬರುವಂತೆಯೇ ಇಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ಬರಬೇಕಾದರೆ ಎದುರು ಪಕ್ಷದ ಒಪ್ಪಿಗೆ ಬೇಕು, ನ್ಯಾಯಾಲಯದ ಅನುಮತಿಯೂ ಬೇಕು. ಹಣವುಳ್ಳ ಮಾಲೀಕ ದೊಡ್ಡ ವಕೀಲರನ್ನು ಕರೆತಂದರೆ ಬಡವನ ಬಾಯಿ ಕಟ್ಟಿಹೋಗುತ್ತದೆ, ಅವನ ಪರವಾಗಿ ಅವನ ಸಂಘವೇ ಮಾತಾಡಲಿ ಎಂಬುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ ಆಗಿತ್ತು. ಜಾಲಹಳ್ಳಿಯ ಬಿ.ಇ.ಎಲ್., ಎಚ್.ಎಂ.ಟಿ. ಮೊದಲಾದ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನ ಮುಷ್ಕರ ಹೂಡಿ ನಿಂತ ಕಾಲದಲ್ಲಿ, ಸಂಘದ ಕಾರ್ಯದರ್ಶಿಗೆ ಕಾಯಿದೆಯ ಪ್ರಕರಣಗಳೆಲ್ಲ ಬಾಯಿಪಾಠವಾಗಿದ್ದವು. ಅವನಿಗೆ ಕರಿ ಕೋಟಿನ ಹಂಗು ಇರಲಿಲ್ಲ.

ಆದರೆ ಆದದ್ದೇನು? ಮಾಲೀಕರು ವಕೀಲನಿಗೆ ಬೇರೆ ಅಂಗಿ ತೊಡಿಸಿದರು. ಕಾನೂನು ಪದವೀಧರನನ್ನು ಕಂಪನಿಯ ಅಧಿಕಾರಿಯನ್ನಾಗಿಯೋ ಮಾಲೀಕರ ಸಂಘದ ಪದಾಧಿಕಾರಿಯನ್ನಾಗಿಯೋ ಮಾಡಿಕೊಂಡರೆ ಅವನು ವಕೀಲನಾಗಿ ಅಲ್ಲ, ಅಧಿಕಾರಿಯಾಗಿ ಹಾಜರಾಗಬಹುದೆಂದು ಪರಾದೀಪ ಬಂದರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1976ರಲ್ಲಿ ಹೇಳಿತು. ಅಲ್ಲಿಗೆ ಧಣಿಯ ಕಡೆಯ ಬಾಗಿಲು ತೆರೆಯಿತು. ಸಂಘವಿದ್ದ ಕಾರ್ಮಿಕ ಹೇಗೋ ನಿಭಾಯಿಸಿಕೊಂಡ. ಸಂಘವೇ ಇಲ್ಲದ ಸಿದ್ಧ ಉಡುಪಿನ ಕಾರ್ಖಾನೆಯ ಹೆಣ್ಣುಮಗಳು, ಕಾವಲುಗಾರ, ಗುತ್ತಿಗೆಯ ಕೂಲಿ ಏನು ಮಾಡಬೇಕು? ಎಚ್.ಎಂ.ಟಿ.ಯ ಗಡಿಯಾರದ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಂಥ ಕಾರ್ಖಾನೆಗಳೊಡನೆ ಹೋದದ್ದು ಕೆಲಸಗಳಷ್ಟೇ ಅಲ್ಲ, ಅರ್ಜಿ ಬರೆಯಬಲ್ಲ ಕಾರ್ಯದರ್ಶಿಗಳ ಒಂದು ಪೀಳಿಗೆಯೂ ಹೋಯಿತು.

ನ್ಯಾಯಾಲಯದಿಂದ ಕೂಲಿಕಾರನಿಗೆ ಏನೂ ಆಗದೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಬೆಂಗಳೂರಿನ ನೀರು ಸರಬರಾಜು ಮಂಡಳಿ ತನ್ನ ಕೆಲವು ನೌಕರರ ಮೇಲೆ ದುರ್ನಡತೆಯ ಆರೋಪ ಹೊರಿಸಿ ದಂಡ ವಸೂಲು ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ತಾನು ಕೈಗಾರಿಕೆಯೇ ಅಲ್ಲ, ಜನರಿಗೆ ನೀರು ಕೊಡುವ ಸಂಸ್ಥೆ ಎಂದು ಮಂಡಳಿ ವಾದಿಸಿತು. ಎ. ರಾಜಪ್ಪ ಮತ್ತಿತರರ ಆ ಮೊಕದ್ದಮೆ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠದವರೆಗೂ ಹೋಯಿತು. 1978ರ ಫೆಬ್ರವರಿ 21ರಂದು ಬಂದ ತೀರ್ಪನ್ನು ಬರೆದವರಲ್ಲಿ ಮುಖ್ಯರು ವಿ. ಆರ್. ಕೃಷ್ಣ ಅಯ್ಯರ್. ಮಂಡಳಿಯೂ ಕೈಗಾರಿಕೆಯೇ, ಆಸ್ಪತ್ರೆ ಶಾಲೆಗಳೂ ಕೈಗಾರಿಕೆಯ ವ್ಯಾಖ್ಯೆಯೊಳಗೆ ಬರುತ್ತವೆ ಎಂದಾಯಿತು. ಕೆಲವು ರೂಪಾಯಿಗಳ ದಂಡದ ಜಗಳ ಇಡೀ ದೇಶದ ಲಕ್ಷಾಂತರ ನೌಕರರಿಗೆ ರಕ್ಷಣೆಯಾಗಿ ಮುಗಿಯಿತು. ಇನ್ನೂ ಹತ್ತಿರದ ಸಂಗತಿ ಬೇಕೆ? 2020ರ ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿತು. ಹೈಕೋರ್ಟು ಪ್ರಶ್ನಿಸಿದ ಮೇಲೆ ಜೂನ್ 11ರಂದು ಅದನ್ನು ಹಿಂದಕ್ಕೆ ಪಡೆಯಿತು. (2023ರಲ್ಲಿ ಶಾಸನಸಭೆಯ ಮೂಲಕವೇ ದಿನಕ್ಕೆ 12 ಗಂಟೆಗೆ ದಾರಿ ಮಾಡಿಕೊಂಡಿತು. ಅದು ವಕೀಲರು ತಡೆಯಬಹುದಾದ ಕೆಲಸವಲ್ಲ, ಮತದಾರರು ತಡೆಯಬೇಕಾದದ್ದು.)

ಈಗ ಮೈದಾನವೇ ಬದಲಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸ್ಥಾಯೀ ಆದೇಶಗಳು ಕಡ್ಡಾಯವಾಗಲು ಹಿಂದೆ 100 ಜನ ಕಾರ್ಮಿಕರು ಸಾಕಾಗಿತ್ತು, ಈಗ 300 ಬೇಕು. ಗುತ್ತಿಗೆ ಕಾರ್ಮಿಕರ ರಕ್ಷಣೆಗೆ 20 ಇದ್ದದ್ದು 50 ಆಯಿತು. ಹೊರರಾಜ್ಯದಿಂದ ಬಂದವರಿಗಾಗಿ ಇದ್ದ 1979ರ ಕಾಯಿದೆ 5 ಜನರಿದ್ದಲ್ಲಿಯೇ ಅನ್ವಯಿಸುತ್ತಿತ್ತು. ಈಗ 10 ಜನರಿರಬೇಕು. ಊರು ಬಿಟ್ಟು ಬಂದದ್ದಕ್ಕೆಂದು ತಿಂಗಳ ಕೂಲಿಯ ಅರ್ಧದಷ್ಟು ಕೊಡಬೇಕೆಂದು ಆ ಕಾಯಿದೆಯಲ್ಲಿದ್ದ ಭತ್ಯೆ ಮಾಯವಾಗಿದೆ. ವಜಾ ಆದವನು ದೂರು ಒಯ್ಯಲು ಮೂರು ವರ್ಷವಿದ್ದದ್ದು ಎರಡಕ್ಕೆ ಇಳಿದಿದೆ. ವಕೀಲನಿಗೆ ಎದುರು ಪಕ್ಷದ ಒಪ್ಪಿಗೆ ಬೇಕೆಂಬ ಹಳೆಯ ಏರ್ಪಾಡು ಮಾತ್ರ ಉಳಿದುಕೊಂಡಿದೆ! ತಮ್ಮನ್ನು ಹೊರಗೆ ಹಾಕಿದವನ ಒಪ್ಪಿಗೆ ಪಡೆದು ವಕೀಲನನ್ನು ಕರೆತನ್ನಿ ಎಂದು ಯಲಹಂಕದ ಗಾರೆ ಕೆಲಸದವನಿಗೆ ಹೇಳುವುದು ಯಾವ ನ್ಯಾಯ?

ಹೆಬ್ಬಾಳದ ಮೇಲ್ಸೇತುವೆ ದಾಟಿ ವಿಮಾನ ನಿಲ್ದಾಣಕ್ಕೆ ಹೋಗುವವರಲ್ಲಿಯೂ ಕೂಲಿಕಾರರಿದ್ದಾರೆ. ಹತ್ತನೆಯ ತರಗತಿ ಮುಗಿಸದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಬೇಕಾದರೆ 1983ರ ವಲಸೆ ಕಾಯಿದೆಯ ಪ್ರಕಾರ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಆ ಕಾಯಿದೆಯಡಿ ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟ್ ಮಾತ್ರ ಜನರನ್ನು ಕಳಿಸಬಹುದು. ಅವನು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ನಿಯಮಗಳು ಹಾಕಿದ ಮಿತಿ 30,000 ರೂಪಾಯಿ ಮತ್ತು ತೆರಿಗೆ. ಅದರ ಮೇಲೆ ಕೇಳಿದವನ ಬಳಿ ರಸೀದಿ ಕೇಳಿ ನೋಡಿ. ಹೊಲ ಅಡವಿಡುವ ಮೊದಲು ಕರಾರಿನ ಕಾಗದವನ್ನು ವಕೀಲನೊಬ್ಬನಿಗೆ ತೋರಿಸಿದರೆ ಅರ್ಧ ಗಂಟೆಯ ಕೆಲಸ. ಅಲ್ಲಿಗೆ ಹೋಗಿ ಪಾಸ್‌ಪೋರ್ಟು ಧಣಿಯ ಪೆಟ್ಟಿಗೆ ಸೇರಿದ ಮೇಲೆ ಯಾವ ವಕೀಲನ ಕೈಗೂ ಸುಲಭವಾಗಿ ಎಟುಕುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡೆಲ್ಲಿದೆ ಎಂದು ಓದುಗರು ಕೇಳುವರು. ಇಲ್ಲಿಯೇ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ 12ನೆಯ ಪ್ರಕರಣದಲ್ಲಿ, ಉಚಿತ ವಕೀಲನನ್ನು ಪಡೆಯಬಲ್ಲವರ ಪಟ್ಟಿಯೊಳಗೆ ಕೈಗಾರಿಕಾ ಕಾರ್ಮಿಕನ ಹೆಸರಿದೆ. ಅವನ ಆದಾಯವೆಷ್ಟೆಂದು ಕೇಳುವಂತಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಕೂಡ ಆದಾಯದ ಪ್ರಶ್ನೆಯಿಲ್ಲ. ಪ್ರತಿ ಜಿಲ್ಲೆಯಲ್ಲಿ ಪ್ರಾಧಿಕಾರ, ತಾಲ್ಲೂಕಿನಲ್ಲಿ ಸಮಿತಿ ಇದೆ. 15100 ಎಂಬ ದೂರವಾಣಿಯೂ ಇದೆ. ಹಾಗಿದ್ದರೆ ಪೀಣ್ಯದ ಎಷ್ಟು ಕಾರ್ಖಾನೆಗಳ ಗೇಟಿನಲ್ಲಿ ಈ ಸಂಗತಿಯ ಬೋರ್ಡನ್ನು ಓದುಗರು ಕಂಡಿದ್ದಾರೆ? ದಾನ ಮಾಡುವವನು ಮನೆಯ ಗುರುತು ಹೇಳದಿದ್ದರೆ ಅದೆಂಥ ದಾನ?

ಆದ್ದರಿಂದ ನಾವು ಸರ್ಕಾರವನ್ನು ಕೇಳುವುದು ಹೆಚ್ಚೇನಲ್ಲ. ಸಂಧಾನಾಧಿಕಾರಿಯ ಕಚೇರಿಯಲ್ಲಿಯೇ ವಾರಕ್ಕೆ ಎರಡು ದಿನ ಪ್ರಾಧಿಕಾರದ ವಕೀಲನೊಬ್ಬ ಕೂತು ಅರ್ಜಿ ಬರೆದುಕೊಡಲಿ. ಅವನಿಗೆ ಹಿಂದಿಯೋ ಬಂಗಾಳಿಯೋ ಬಲ್ಲ ಒಬ್ಬ ಸಹಾಯಕನಿರಲಿ. ಉಚಿತ ವಕೀಲ ಹಾಜರಾಗಲು ಮಾಲೀಕನ ಒಪ್ಪಿಗೆ ಬೇಡವೆಂದು ಸಂಹಿತೆಯನ್ನು ತಿದ್ದಲಿ. ಸಣ್ಣ ವ್ಯಾಪಾರಿ ಮಿತ್ರರು ಇದಕ್ಕೆ ಹೆದರಬೇಕಾಗಿಲ್ಲ. ಅಂಗಡಿಯಲ್ಲಿ ಇಬ್ಬರು ಹುಡುಗರನ್ನು ಇಟ್ಟುಕೊಂಡು ಪುಸ್ತಕದಲ್ಲಿ ಹಾಜರಿ ಬರೆದು ಸಂಬಳ ಕೊಡುವವರನ್ನು ಯಾವ ವಕೀಲನೂ ಕಾಡಲಾರ. ಅವರ ಆದಾಯ ನಿಗದಿಯಾದ ಮಿತಿಯೊಳಗಿದ್ದರೆ ಅವರಿಗೂ ಇದೇ ಪ್ರಾಧಿಕಾರದ ಬಾಗಿಲು ತೆರೆದಿದೆ.

ಸರ್ಕಾರ ಕೇಳಿಸಿಕೊಳ್ಳುವವರೆಗೆ ಪಕ್ಷದ ಕಚೇರಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಅರ್ಜಿ ಬರೆದುಕೊಡುವ ಏರ್ಪಾಡು ಮಾಡಿದ್ದೇವೆ. ಕೆಲಸ ಕಳೆದುಕೊಂಡವರು ಇ.ಎಸ್.ಐ. ಚೀಟಿ, ಭವಿಷ್ಯ ನಿಧಿಯ ಸಂಖ್ಯೆ, ಸಂಬಳ ಜಮೆಯಾದ ಬ್ಯಾಂಕಿನ ಪಾಸ್ ಪುಸ್ತಕ, ಗೇಟ್ ಪಾಸು, ಏನಿದ್ದರೆ ಅದನ್ನು ತರಬೇಕು. ಏನೂ ಇಲ್ಲದವರು ಜೊತೆಯಲ್ಲಿ ದುಡಿದ ಒಬ್ಬನನ್ನು ಕರೆದುಕೊಂಡು ಬರಲಿ.