ಜೆರ್ಸಿ ಕೊಡಿಸಿದೆವು, ಮೈದಾನಕ್ಕೆ ಬಂದೆವೇ?

ಭಾನುವಾರ ಬೆಳಗ್ಗೆ ಆರೂವರೆಗೆ ಹಲಸೂರು ಕಡೆಯ ಒಂದು ಮೈದಾನದ ಬೇಲಿಯಾಚೆ ನಾವು ಏಳೆಂಟು ಮಂದಿ ಬ್ಯಾರಿಗಳು ನಿಂತಿರುತ್ತೇವೆ. ಒಬ್ಬರದು ಶಿವಾಜಿನಗರದಲ್ಲಿ ಜ್ಯೂಸ್ ಅಂಗಡಿ, ಒಬ್ಬರದು ಇಂದಿರಾನಗರದಲ್ಲಿ ಬೇಕರಿ, ಇನ್ನಿಬ್ಬರು ಕೆ.ಆರ್. ಪುರಂ ಕಡೆಯಿಂದ ಬರುವ ಕಂಪೆನಿ ನೌಕರರು. ಮಕ್ಕಳು ಒಳಗೆ ಫುಟ್ಬಾಲ್ ಕಲಿಯುತ್ತಾರೆ, ನಾವು ಹೊರಗೆ ಚಾ ಕುಡಿಯುತ್ತಾ ಊರಿನ ಸುದ್ದಿ ಮಾತಾಡುತ್ತೇವೆ. ಮಕ್ಕಳ ಬೆನ್ನು ನೋಡಿದರೆ ಸಾಕು, ಯಾವ ಮನೆ ಯಾವ ಪಕ್ಷ ಎಂದು ತಿಳಿಯುತ್ತದೆ. ಏಳನೇ ನಂಬರ್ ಇದ್ದರೆ ರೊನಾಲ್ಡೊ, ಹತ್ತು ಇದ್ದರೆ ಮೆಸ್ಸಿ.

ಒಂದು ದಿನ ನಮ್ಮಲ್ಲೊಬ್ಬರ ಮಗ ಅಭ್ಯಾಸದ ಆಟದಲ್ಲಿ ಗೋಲು ಹೊಡೆದ. ಹೊಡೆದವನೇ ಮೂಲೆಗೆ ಓಡಿ, ಗಾಳಿಯಲ್ಲಿ ಹಾರಿ ತಿರುಗಿ, ಎರಡೂ ಕೈ ಕೆಳಕ್ಕೆ ಚಾಚಿ ರೊನಾಲ್ಡೊನಂತೆ ನಿಂತ. ಬೇಲಿಯಾಚೆ ನಮ್ಮ ಮೊಬೈಲ್‌ಗಳೆಲ್ಲ ಮೇಲೆದ್ದವು. ಕೋಚ್ ಬೈಯಲಿಲ್ಲ. ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳಿದರು: ಪಾಸ್ ಕೊಟ್ಟವನು ಯಾರು? ಹುಡುಗನಿಗೆ ಗೊತ್ತಿರಲಿಲ್ಲ. ತಮಾಷೆ ಏನೆಂದರೆ, ವೀಡಿಯೊ ತೆಗೆದ ನಮಗೂ ಗೊತ್ತಿರಲಿಲ್ಲ. ನಮ್ಮ ಕ್ಯಾಮೆರಾದಲ್ಲಿ ಅವನು ಇರಲೇ ಇಲ್ಲ.

ಈ ಬರಹಕ್ಕೆ ಆ ಪ್ರಶ್ನೆಯೇ ಕಾರಣ.

ಕೋಚ್ ಅವರದು ಹಲಸೂರಿನ ಗೌತಮಪುರ. ಆ ಗಲ್ಲಿಗಳನ್ನು ಜನ ಮಿನಿ ಬ್ರೆಝಿಲ್ ಎಂದು ಕರೆಯುತ್ತಾರೆ. ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಉಂಟು. ವಿಶ್ವಕಪ್ ಬಂತೆಂದರೆ ಇಡೀ ಬೀದಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಅಭಿಮಾನ ಎಂದರೇನು ಎಂದು ನಾವು ಅವರಿಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳು ರೊನಾಲ್ಡೊನನ್ನು ಇಷ್ಟಪಡುವುದು ತಪ್ಪು ಅಂತ ಅವರು ಯಾವತ್ತೂ ಹೇಳಿಲ್ಲ. ಅವರ ತಕರಾರು ಬೇರೆ. ಗೌತಮಪುರದ ಹುಡುಗ ರಾತ್ರಿ ಬ್ರೆಝಿಲ್ ಆಟ ನೋಡಿ ಬೆಳಗ್ಗೆ ತಾನೇ ಚೆಂಡು ಹಿಡಿದು ಬೀದಿಗೆ ಬರುತ್ತಿದ್ದ. ನಮ್ಮ ಮಕ್ಕಳು ರೀಲ್ಸ್ ನೋಡಿ ಮುಗಿಸಿ ಇನ್ನೊಂದು ರೀಲ್ಸ್ ನೋಡುತ್ತಾರೆ. ಮೊದಲನೆಯ ಅಭಿಮಾನ ಕಾಲಿಗೆ ಇಳಿಯುತ್ತದೆ, ಎರಡನೆಯದು ಹೆಬ್ಬೆರಳಲ್ಲೇ ಉಳಿಯುತ್ತದೆ.

ಕೇರಳವನ್ನೇ ನೋಡಿ. 2022ರ ವಿಶ್ವಕಪ್ ಸಮಯದಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪುಲ್ಲಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮರ್, ರೊನಾಲ್ಡೊ ಕಟೌಟ್‌ಗಳು ಎದ್ದು ನಿಂತವು. ಫಿಫಾ ಕೂಡ ಆ ಚಿತ್ರವನ್ನು ಹಂಚಿಕೊಂಡಿತು. ಅತಿಯಾಯಿತು ಎಂದು ಅಲ್ಲಿನ ಕೆಲವು ಉಲೆಮಾಗಳು ಎಚ್ಚರಿಸಿದ್ದೂ ಉಂಟು. ಆದರೆ ಒಂದು ಮಾತು ಮರೆಯಬಾರದು. ಕಟೌಟ್ ನಿಲ್ಲಿಸುವ ಮಲಬಾರಿನಲ್ಲಿ ಸೆವೆನ್ಸ್ ಪಂದ್ಯ ನೋಡಲು ರಾತ್ರಿ ಸಾವಿರಾರು ಜನ ಸೇರುತ್ತಾರೆ. ಅಲ್ಲಿ ಹೊಳೆಯ ಕಟೌಟೂ ಉಂಟು, ಗದ್ದೆಯ ಆಟವೂ ಉಂಟು. ನಮ್ಮಲ್ಲಿ ಕಟೌಟ್ ಮಾತ್ರ ಉಳಿದಿದೆಯಾ ಎಂಬುದು ಪ್ರಶ್ನೆ.

ಇಷ್ಟಕ್ಕೂ ಈ ಕಂಟೋನ್ಮೆಂಟ್ ಪ್ರದೇಶಕ್ಕೆ ಹೀರೋಗಳ ಬರ ಇರಲಿಲ್ಲ. ಬೊಂಬಾಯಿಯ ರೋವರ್ಸ್ ಕಪ್ ಬ್ರಿಟಿಷ್ ಸೈನಿಕ ತಂಡಗಳ ಸೊತ್ತಿನಂತಿದ್ದ ಕಾಲದಲ್ಲಿ, 1937ರಲ್ಲಿ ಅದನ್ನು ಮೊದಲ ಬಾರಿ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಆಕಸ್ಮಿಕ ಅಂತ ಯಾರೂ ಹೇಳಬಾರದು ಎಂಬಂತೆ 1938ರಲ್ಲಿ ಮತ್ತೆ ಗೆದ್ದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್ಬಾಲ್ ಪಂದ್ಯ 1948ರಲ್ಲಿ ಫ್ರಾನ್ಸ್ ವಿರುದ್ಧ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ 2-1ರಿಂದ ಸೋತರು. ಭಾರತದ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 10-1ರಿಂದ ಸೋತಾಗ ಆ ಒಂದು ಗೋಲೂ ಅವರದೇ. ಕೋಲ್ಕತಾದ ಈಸ್ಟ್ ಬೆಂಗಾಲ್‌ನಲ್ಲಿ ಅವರನ್ನು ಸೇರಿಸಿ ಐದು ಮಂದಿ ಮುಂಪಡೆಯವರಿಗೆ ಜನ ಪಂಚಪಾಂಡವರು ಎಂದು ಹೆಸರಿಟ್ಟರು. 2017ರಲ್ಲಿ ಅಹ್ಮದ್ ಖಾನ್ ತೀರಿಕೊಂಡರು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು? ಮಕ್ಕಳ ಮಾತು ಬಿಡಿ, ನಮಗೇ ಗೊತ್ತಿರಲಿಲ್ಲ. ಕೋಚ್ ಹೇಳಿದ ಮೇಲೆ ತಿಳಿದದ್ದು.

ಇದು ಹಳೆಯ ಕಾಲದ ಮಾತಾಯಿತು ಅನ್ನುತ್ತೀರಾ? ಹಾಗಾದರೆ ಮೊನ್ನೆ ಮೊನ್ನೆಯದನ್ನೇ ಕೇಳಿ. 2022ರ ಡಿಸೆಂಬರ್ ಕೊನೆಗೆ ರೊನಾಲ್ಡೊ ರಿಯಾದ್‌ನ ಅಲ್ ನಸ್ರ್ ಸೇರಿದಾಗ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಹಬ್ಬವೇ ಹಬ್ಬ. ಸೌದಿಯಲ್ಲಿರುವ ಅಳಿಯ, ಭಾವ, ಕಾಕ ಎಲ್ಲರಿಂದಲೂ ಫೋಟೊ. ಅದೇ ರಿಯಾದ್‌ನಲ್ಲಿ, ಎರಡು ತಿಂಗಳ ನಂತರ, 2023ರ ಮಾರ್ಚ್ 4ರಂದು ಕಿಂಗ್ ಫಹದ್ ಸ್ಟೇಡಿಯಮ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ ಬಂದ ಕಪ್ ಅದು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿತ್ತು. ನಮ್ಮವರು ಇಷ್ಟೊಂದು ಮಂದಿ ಇರುವ ಊರಿನಲ್ಲೇ ನಮ್ಮ ರಾಜ್ಯ ಗೆದ್ದ ಆ ರಾತ್ರಿ, ನಮ್ಮ ಗ್ರೂಪ್‌ಗಳಲ್ಲಿ ಒಂದು ಫೋಟೊ ಬರಲಿಲ್ಲ. ಯಾರನ್ನೂ ದೂರುತ್ತಿಲ್ಲ ಮಾರಾಯ್ರೆ, ನಾವೂ ಕೇಳಲಿಲ್ಲ.

ಕೋಚ್ ಅವರ ಎರಡನೇ ತಕರಾರು ರೀಲ್ಸ್ ಕಲಿಸುವ ಆಟದ ಬಗ್ಗೆ. 90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಎರಡು-ಮೂರು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಓಡುವುದು, ಜಾಗ ಹುಡುಕುವುದು, ಜೊತೆಯವನಿಗೆ ದಾರಿ ಮಾಡಿಕೊಡುವುದು. ರೀಲ್ಸ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಲ್ಲಿ ಕಾಣುವುದು ನಾಲ್ಕು ಜನರನ್ನು ದಾಟಿದ ಡ್ರಿಬ್ಲಿಂಗ್, ಗೋಲು, ಕುಣಿತ. ಅದನ್ನು ನೋಡಿ ಬಂದ ಹತ್ತು ವರ್ಷದ ಹುಡುಗನಿಗೆ ಚೆಂಡು ನಿಲ್ಲಿಸುವುದು, ತಲೆಯೆತ್ತಿ ನೋಡುವುದು, ಎಡಗಾಲಲ್ಲಿ ಪಾಸ್ ಕೊಡುವುದು ಎಲ್ಲವೂ ಶಿಕ್ಷೆಯಂತೆ ಅನಿಸುತ್ತದೆ.

‘ಮೈದಾನ್’ ಸಿನಿಮಾ ನಮ್ಮಲ್ಲಿ ಹಲವರು ನೋಡಿದ್ದಾರೆ. 2024ರಲ್ಲಿ ಬಂದದ್ದು, ಅಜಯ್ ದೇವಗನ್ ಅದರಲ್ಲಿ ಕೋಚ್ ಸೈಯದ್ ಅಬ್ದುಲ್ ರಹೀಮ್ ಪಾತ್ರ ಮಾಡಿದ್ದಾರೆ. ಹೈದರಾಬಾದಿನ ಈ ಮೇಷ್ಟ್ರು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೆ ತಂದರು, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆಲ್ಲಿಸಿದರು, ಮರುವರ್ಷವೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಿನಿಮಾ ನೋಡಿ ನಾವು ಕಣ್ಣೀರು ಹಾಕಿದೆವು. ಆದರೆ ರಹೀಮ್ ಸಾಹೇಬರ ಪಾಠ ಕಣ್ಣೀರಿನದಲ್ಲ. ಡ್ರಿಬ್ಲಿಂಗೇ ಮಾಡಬಾರದು ಎಂಬ ನಿಯಮ ಇಟ್ಟು ಅವರು ಪಂದ್ಯ ಆಡಿಸುತ್ತಿದ್ದರು, ದುರ್ಬಲ ಕಾಲಿನಲ್ಲೇ ಆಡಿ ಎನ್ನುತ್ತಿದ್ದರು. ಒಂದೇ ಸ್ಪರ್ಶದಲ್ಲಿ ಚೆಂಡು ಜೊತೆಯವನಿಗೆ ಹೋಗಬೇಕು ಎಂಬುದು ಅವರ ಗುರಿ. ನಮ್ಮ ಕೋಚ್ ಭಾನುವಾರ ಮಾಡಿಸುವುದೂ ಅದನ್ನೇ. ತೆರೆಯ ಮೇಲೆ ಚಪ್ಪಾಳೆ ಹೊಡೆದ ನಾವು ಮೈದಾನದಲ್ಲಿ ಮಾತ್ರ ಏನು ಹೇಳುತ್ತೇವೆ? “ಏನ್ ಸಾರ್, ಬರೀ ಪಾಸಿಂಗ್ ಮಾಡಿಸ್ತೀರಿ, ಮ್ಯಾಚ್ ಆಡಿಸಿ!”

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡಬೇಕು. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಹನ್ನೊಂದು ವರ್ಷ, ಮಾತು ಕಡಿಮೆ. ಚೆಂಡು ಎಲ್ಲಿಗೆ ಬರುತ್ತದೆ ಎಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಕೋಚ್ ಅವನನ್ನು ಹಿಂದೆ, ಡಿಫೆನ್ಸ್‌ನಲ್ಲಿ ನಿಲ್ಲಿಸಿದರು. ಅವನ ಉಪ್ಪನಿಗೆ ಸಮಾಧಾನ ಇಲ್ಲ. ಡಿಫೆಂಡರ್ ಆದರೆ ಯಾರು ನೋಡುತ್ತಾರೆ, ಸ್ಟ್ರೈಕರ್ ಮಾಡಿ ಎಂದು ಎರಡು ಸಲ ಹೇಳಿದರು. ಮೂರನೇ ಸಲಕ್ಕೆ ಮಗನನ್ನು ಬಿಡಿಸಿ, ಬಾಡಿಗೆ ಟರ್ಫ್‌ನಲ್ಲಿ ನಡೆಯುವ ಬೇರೆ ಕಡೆ ಸೇರಿಸಿದರು. ಅಲ್ಲಿ ತಿಂಗಳ ಫೀಸ್ ಜಾಸ್ತಿ, ವಾರಕ್ಕೊಂದು ವೀಡಿಯೊ ಕೊಡುತ್ತಾರೆ. ನಾಲ್ಕೇ ತಿಂಗಳಲ್ಲಿ ಹುಡುಗ ಆಟವನ್ನೇ ಬಿಟ್ಟ. ಆಗ ಬೇಲಿಯಾಚೆ ನಿಂತು ಅವನ ಉಪ್ಪನ ಮಾತಿಗೆ ತಲೆಯಾಡಿಸಿದವರು ನಾವೇ. ಒಬ್ಬನೂ ಬೇಡ ಅನ್ನಲಿಲ್ಲ. ಹುಡುಗನನ್ನು ಏನಾಗಬೇಕೆಂದು ಕೇಳುವುದಂತೂ ನಮಗೆ ಹೊಳೆಯಲೇ ಇಲ್ಲ.

ತಂದೆಯಂದಿರ ಭಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂಬುದೂ ನಿಜ. ಒಂದು ಕಾಲದಲ್ಲಿ ಈ ಪೂರ್ವ ಬೆಂಗಳೂರಿನಲ್ಲೇ ಎಚ್‌ಎಎಲ್, ಕೆ.ಆರ್. ಪುರಂ ಬಳಿಯ ಐಟಿಐ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಫುಟ್ಬಾಲ್ ಆಡಿದರೆ ಒಂದು ಸಂಬಳ, ಒಂದು ಕ್ವಾರ್ಟರ್ಸ್ ಸಿಗಬಹುದು ಎಂಬ ಆಸೆ ಇತ್ತು. ಆ ಬಾಗಿಲು ಈಗ ಮೊದಲಿನಂತೆ ತೆರೆದಿಲ್ಲ. ದೊಡ್ಡ ಲೀಗ್‌ನ ಹಣೆಬರಹವೂ ಗಟ್ಟಿ ಇಲ್ಲ. 2025ರಲ್ಲಿ ಐಎಸ್‌ಎಲ್ ಒಪ್ಪಂದದ ಗೊಂದಲದಿಂದ ಬೆಂಗಳೂರು ಎಫ್‌ಸಿಯಂಥ ಕ್ಲಬ್ಬೇ ಮೊದಲ ತಂಡದ ಸಂಬಳ ತಡೆಹಿಡಿಯಬೇಕಾಯಿತು. ಹೀಗಿರುವಾಗ ಒಂಬತ್ತನೇ ಕ್ಲಾಸಿಗೆ ಬಂದ ಮಗನನ್ನು ಟ್ಯೂಷನ್‌ಗೆ ಕಳಿಸುವ ಉಮ್ಮನನ್ನು ಬೈಯಲು ನಮಗೆ ಬಾಯಿಲ್ಲ. ಆದರೆ ಮಗ ಸ್ಟಾರ್ ಆಗದಿದ್ದರೆ ಆಟವೇ ದಂಡ ಎಂಬ ಲೆಕ್ಕ ಎಲ್ಲಿಂದ ಬಂತು? ಅದೂ ಆ ರೀಲ್ಸ್‌ನಿಂದಲೇ ಬಂದದ್ದು. ಬೆಳಗ್ಗೆ ಏಳುವುದು, ಸೋತು ಕೈಕುಲುಕುವುದು, ತಾನು ಕಾಣಿಸದೆ ತಂಡವನ್ನು ಗೆಲ್ಲಿಸುವುದು – ಇದನ್ನು ಕಲಿತ ಹುಡುಗನಿಗೆ ಆಟ ಕೊಡಬೇಕಾದ್ದನ್ನು ಕೊಟ್ಟಾಯಿತು.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ-ಚೈನೀಸ್ ತೈಪೆ ಪಂದ್ಯಕ್ಕೆ ಬಂದವರು 2,569 ಮಂದಿ. ಹ್ಯಾಟ್ರಿಕ್ ಹೊಡೆದ ಸುನೀಲ್ ಛೆಟ್ರಿ ಮರುದಿನ ವೀಡಿಯೊ ಮಾಡಿ, ಬೈಯುವುದಾದರೂ ಸ್ಟೇಡಿಯಮ್‌ಗೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿದರು. ಮುಂದಿನ ಪಂದ್ಯಕ್ಕೆ ಸ್ಟೇಡಿಯಮ್ ತುಂಬಿತು. ಅಂದರೆ ಮೊಬೈಲ್ ಶತ್ರುವಲ್ಲ. ಅದು ಮೈದಾನಕ್ಕೆ ದಾರಿ ತೋರಿಸಿದರೆ ಒಳ್ಳೆಯದೇ.

ನಮ್ಮಿಂದ ಆಗುವಂಥದ್ದು ಮೂರು ಉಂಟು. ಒಂದು, ಅಶೋಕನಗರದ ಬೆಂಗಳೂರು ಫುಟ್ಬಾಲ್ ಸ್ಟೇಡಿಯಮ್‌ಗೆ ತಿಂಗಳಿಗೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗುವುದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು ಆ ಮೈದಾನವನ್ನು ಮನೆ ಮಾಡಿಕೊಂಡು. ಅಲ್ಲಿ ಸ್ಥಳೀಯ ಲೀಗ್ ಆಡುವ ಹುಡುಗರು ನಮ್ಮ ಮಕ್ಕಳ ಪಕ್ಕದ ಬೀದಿಯವರು. ಎರಡು, ನಮ್ಮ ಜಮಾಅತ್ ಮತ್ತು ಸಂಘಗಳು ವರ್ಷಕ್ಕೊಂದು ದಿನ ಆಳೆತ್ತರದ ಟ್ರೋಫಿ ಇಟ್ಟು ಟೂರ್ನಮೆಂಟ್ ಮಾಡುತ್ತವಲ್ಲ, ಅದರ ಖರ್ಚಿನಲ್ಲಿ ಒಂದು ಪಾಲನ್ನು ಹನ್ನೆರಡರೊಳಗಿನ ಮಕ್ಕಳ ಐದೈದು ಜನರ ಆಟಕ್ಕೆ ಇಡುವುದು. ಚಿಕ್ಕ ಅಂಗಳ, ಕಡಿಮೆ ಜನ ಇದ್ದರೆ ಪ್ರತಿ ಮಗುವಿನ ಕಾಲಿಗೂ ಚೆಂಡು ಸಿಗುತ್ತದೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ. ಮೂರು, ಬೇಲಿಯಾಚೆ ಬಾಯಿ ಮುಚ್ಚಿ ನಿಲ್ಲುವುದು. ಇದು ಎಲ್ಲಕ್ಕಿಂತ ಕಷ್ಟ.

ಜೆರ್ಸಿ ಬೇಡ ಅನ್ನುತ್ತಿಲ್ಲ, ಕೊಡಿಸಿ. ಆದರೆ ಭಾನುವಾರ ಮಗ ಮನೆಗೆ ಬಂದಾಗ ಎಷ್ಟು ಗೋಲು ಹೊಡೆದೆ ಎಂದು ಕೇಳುವ ಮೊದಲು, ಯಾರಿಗೆ ಪಾಸ್ ಕೊಟ್ಟೆ ಎಂದು ಕೇಳಿ. ನಾವು ಈಗ ಹಾಗೆ ಕೇಳಲು ಶುರು ಮಾಡಿದ್ದೇವೆ. ಮೊದಲ ವಾರ ಮಕ್ಕಳು ತಡವರಿಸಿದರು. ಈಗ ಹೆಸರು ಹೇಳುತ್ತಾರೆ. ಆಟ ಬಿಟ್ಟ ಆ ಹುಡುಗನ ಮನೆಗೆ ಮಾತ್ರ ನಾವಿನ್ನೂ ಹೋಗಿಲ್ಲ. ಈ ವಾರ ಹೋಗಬೇಕು ಎಂದು ಮಾತಾಗಿದೆ.